ಮುಳುಗಡೆ ಪರೀಕ್ಷೆ

ನವುಲೆಯ ಬಲೆಮನೆಯಲ್ಲಿ ನನ್ನ ಕೆಲಸ ಇಷ್ಟೇ:
ಬತ್ತದ ಸಸಿಗಳನ್ನು ಟ್ರೇ ಸಮೇತ ತೊಟ್ಟಿಗಿಳಿಸುವುದು,
ನೀರು ಎದೆಮಟ್ಟ ನಿಲ್ಲುವಂತೆ ನಲ್ಲಿ ನೋಡಿಕೊಳ್ಳುವುದು,
ದಿನ ಎಣಿಸುವುದು.
ಹದಿನಾಲ್ಕನೆಯ ಬೆಳಿಗ್ಗೆ ಬೂಚು ಕೀಳುವುದು.

ಮುಳುಗಿದ ಬತ್ತ ಗಾಬರಿಗೇ ಅರ್ಧ ಸಾಯುತ್ತದೆ.
ಗಾಳಿ ಎಲ್ಲಿ, ಗಾಳಿ ಎಲ್ಲಿ ಎಂದು ಉದ್ದುದ್ದ ಬೆಳೆದು
ಕೂಡಿಟ್ಟ ಸಕ್ಕರೆಯನ್ನೆಲ್ಲ ನಾಲ್ಕೇ ದಿನಕ್ಕೆ ಉಂಡು
ಬೂಚು ಕಿತ್ತಾಗ ಒದ್ದೆ ನೂಲಿನ ಹಾಗೆ
ನನ್ನ ಬೆರಳಿಗೆ ಸುತ್ತಿಕೊಳ್ಳುತ್ತದೆ.

ಫಿಲೋಮಿನಾ ಮೇಡಂ ಅದರೊಳಗೆ ಒಂದು ಮಾತು ಸೇರಿಸಿದ್ದಾರೆ.
ಯಾವ ಗಿಡದಿಂದ ತಂದರೋ, ಹೇಗೆ ತೂರಿಸಿದರೋ,
ಕೇಳಿದರೆ ಬೋರ್ಡಿನ ಮೇಲೆ ಬರೆದೇ ಬರೆಯುತ್ತಾರೆ.
ನನಗೆ ಹತ್ತಿದ್ದು ಕೊನೆಯ ಸಾಲು ಮಾತ್ರ,
ಸಸಿಗೆ ಅದು ಹೇಳುವುದು: ಸುಮ್ಮನಿರು.
ಬೆಳೆಯಬೇಡ. ಚಾಚಬೇಡ. ಇದ್ದುದನ್ನು ಉಳಿಸಿಕೊ.

ಸಾಲು ಹದಿನೇಳು ಹಾಗೇ ಇತ್ತು.
ತೊಟ್ಟಿಯ ತಳದಲ್ಲಿ ಗೇಣುದ್ದಕ್ಕೇ ನಿಂತು
ಮೈಗೆಲ್ಲ ಪಾಚಿ ಮೆತ್ತಿಕೊಂಡು, ಒಳಗೆ ಹಸಿರಾಗಿ.
ಮೂವತ್ತೆರಡರಲ್ಲಿ ಇಪ್ಪತ್ತೊಂಬತ್ತು.
ಮೇಡಂ ಚಪ್ಪಲಿ ಬಿಟ್ಟು, ಬಗ್ಗಿ, ಎರಡು ಸಲ ಎಣಿಸಿದರು.
ಆ ದಿನ ಲ್ಯಾಬಿಗೆಲ್ಲ ಮಂಡಕ್ಕಿ, ಮೆಣಸಿನಕಾಯಿ ಬೋಂಡ.

ಅವ್ವನಿಗೆ ಹೇಳಿದೆ. ಆಯನೂರಿನಾಚೆಯ ಕ್ಯಾಂಪು ಮನೆಯ
ಹಿಂಬಾಗಿಲಲ್ಲಿ ಅವಳು ಮೀನು ಹೆರೆಯುತ್ತಿದ್ದಳು.
“ಎಂತಕ್ಕೆ ಮುಳುಗಿಸ್ತೀರ ಅದನ್ನ?”
ತಡೀತದಾ ನೋಡೋಕೆ, ಅಂದೆ.

ಎಂಟು ವರ್ಷದವಳಿದ್ದಾಗ ಶರಾವತಿಯ ಹಿನ್ನೀರು
ಅವಳ ಊರಿನ ಅಂಗಳಕ್ಕೆ ಬಂತು.
ಲಾರಿಯಲ್ಲಿ ಒರಳುಕಲ್ಲು, ಎರಡು ಕೋಳಿ, ಇವಳು;
ಇಳಿಸಿದ್ದು ಈ ಕಾಡಂಚಿನಲ್ಲಿ.
ಸುಮ್ಮನಿರಿ, ಹಕ್ಕುಪತ್ರ ಬರ್ತದೆ, ಎಂದರಂತೆ ಯಾರೋ.
ಇದ್ದರು.

ಕತ್ತಿ ಒರೆಸುತ್ತ ಕೇಳಿದಳು, “ಎಷ್ಟು ದಿನ ತಡೀತದೆ?”
ಹದಿನಾಲ್ಕು. ಹೆಚ್ಚೆಂದರೆ ಹದಿನಾರು.
ನಕ್ಕಳೋ, ಹುರುಪೆ ಕಣ್ಣಿಗೆ ಹಾರಿತೋ, ಗೊತ್ತಾಗಲಿಲ್ಲ.

ಮಾರನೆಯ ದಿನ ಮೇಡಂನ ಕೇಳಿದೆ: ತಿಂಗಳು ಬಿಟ್ಟರೆ?
“ಇದು ಈಜೋ ವಿದ್ಯೆ ಅಲ್ಲ ಹೂವಪ್ಪ, ಕಾಯೋ ವಿದ್ಯೆ.
ನೀರು ಇಳೀಲೇಬೇಕು. ಇಳೀದಿದ್ರೆ
ನಾನು ಏನು ಸೇರಿಸಿದ್ರೂ ಅಷ್ಟೆ.”

ಒಂದು ಕಾಳೂ ಹೊರಗೆ ಹೋಗಬಾರದು, ನಿಯಮ.
ಹದಿನೇಳರ ಕಾಳು ಎಣಿಸಿ ಡಬ್ಬಿಗೆ, ಬೀಗ;
ಹುಲ್ಲು ಗುಂಡಿಗೆ.
ಸೀಮೆಎಣ್ಣೆ ಸುರಿದವನು ನಾನೇ, ರುಜು ಹಾಕಿದವರು ಇಬ್ಬರು.
ಸಂಜೆ ಗೇಟಿನಲ್ಲಿ ಪ್ಯಾಂಟಿನ ಮಡಿಕೆ ಬಿಚ್ಚಿ ಕೊಡವಿದೆ.
ಬೂದಿ ಬಿತ್ತು. ಕಾವಲುಗಾರ ಅದನ್ನೂ ಬಗ್ಗಿ ನೋಡಿದ.

ಈ ವರ್ಷ ಮುಂಗಾರು ತಡ. ಹಿನ್ನೀರು ಎಂದೂ ಕಾಣದಷ್ಟು ಕೆಳಗೆ.
ಹೊಳೆಬಾಗಿಲಲ್ಲಿ ದೋಣಿ ಹಿಡಿದು ಅವ್ವನನ್ನು ಕರೆದೊಯ್ದೆ.
ಬಿರಿದ ಕೆಸರು, ಕರ್ರಗಿನ ಮರದ ಬೊಡ್ಡೆಗಳು,
ನನಗೆ ಎಲ್ಲಾ ಒಂದೇ ಬಯಲು.
ಅವಳು ಸೀರೆ ಎತ್ತಿಕಟ್ಟಿ ನೆಟ್ಟಗೆ ನಡೆದಳು,
ಏನೂ ಇಲ್ಲದ ಕಡೆ ಎಡಕ್ಕೆ ತಿರುಗಿದಳು,
ಮತ್ತೆ ಏನೂ ಇಲ್ಲದ ಕಡೆ ಬಲಕ್ಕೆ.
ಹಿಂದೆ ಹಿಂದೆ ಹೋಗಿ ಬಗ್ಗಿ ನೋಡಿದರೆ
ಅವಳ ಹಿಮ್ಮಡಿಯ ಕೆಳಗೆ, ಬೆರಳೆತ್ತರಕ್ಕೆ,
ಗದ್ದೆಯ ಬದು.

“ದಿನ ಎಣಿಸೋನಲ್ಲನಾ ನೀನು,” ಎಂದಳು, “ಎಣಿಸು.”
ಕೂತು ಎಣಿಸತೊಡಗಿದೆ.
ಅಧಿಕ ವರ್ಷಗಳ ಹತ್ತಿರ ಲೆಕ್ಕ ತಪ್ಪಿತು.