ಲಂಗರು ನುಂಗಿದ ತಿಮಿಂಗಿಲ, ಎರಡನೇ ಮುದ್ರಣ

ಹುಬ್ಬಳ್ಳಿ ಬಸ್ಸು ಒಂದೂವರೆ ತಾಸು ತಡ.
ಅರಬೈಲ್ ಘಟ್ಟದಲ್ಲಿ ಲಾರಿ ಅಡ್ಡ ನಿಂತಿತ್ತಂತೆ.
ಕಂಡಕ್ಟರ್ ಇಳಿಸಿದ ಡಬ್ಬಿಗೆ ಎರಡು ಸುತ್ತು ಪ್ಲಾಸ್ಟಿಕ್,
ಮೇಲೆ ನನ್ನ ಹೆಸರಿನ ದೀರ್ಘ ತಿಂದಿದ್ದರು:
ಸುಲಭಾ ಹೋಗಿ ಸುಲಭ.
ಇರಲಿ, ಹೊರುವುದಕ್ಕಂತೂ ಹಾಗೇ ಇತ್ತು.

ಕೋಡಿಬಾಗ ರಸ್ತೆಯ ನನ್ನ ಅಂಗಡಿಯಲ್ಲಿ
ನೋಟ್‌ಬುಕ್ಕು, ರೀಚಾರ್ಜು, ಝೆರಾಕ್ಸು, ಗಾಳದ ದಾರ;
ಈಗ ಇದು: 'ಸಪ್ತದ್ವೀಪ'ದ ಹಳೇ ಕಾರ್ಡುಗಳು
ನೂರಾ ಹನ್ನೆರಡೂ ಮತ್ತೆ ಅಚ್ಚಾಗಿ,
ಪ್ಯಾಕೆಟ್ಟಿಗೆ ಐದು, ಇಪ್ಪತ್ತು ರೂಪಾಯಿ.
ಶಟರು ಎತ್ತುವ ಮೊದಲೇ ಒಂಬತ್ತು ಮಕ್ಕಳು,
ಒಂಬತ್ತು ಜೊತೆ ಒದ್ದೆ ಚಪ್ಪಲಿ.
ಸಾಲು ಮಾತ್ರ ಇಲ್ಲ.

ನಮ್ಮ ಕಾಲಕ್ಕೆ ಅದು ಗಮ್ಮಿನ ಜೊತೆ ಬರುತ್ತಿತ್ತು.
ಕಾರ್ಡನ್ನೂ ನೆಕ್ಕುತ್ತಿದ್ದೆವು, ಅಂಟಿದ ಸಕ್ಕರೆಪುಡಿಗೆ.
ಊರಿಗೆಲ್ಲ ಒಂದೇ ಬಂದದ್ದು ತಿಮಿಂಗಿಲ,
ಅದೂ ರೋಹಿದಾಸ ಬಾನಾವಳಿಗೆ,
ಶಾಲೆ ತಪ್ಪಿಸಿ ಬೈತಖೋಲದಲ್ಲಿ
ಬಂಗಡೆ ಆರಿಸಿ ಗಳಿಸಿದ ಎರಡು ರೂಪಾಯಿಗೆ.
ನೀಲಿ ಬೆನ್ನು, ಬಾಯಲ್ಲಿ ಲಂಗರು,
ಬಲ ತೊಂಬತ್ತು. ಆದರೆ ಸೊನ್ನೆ ಅರ್ಧವೇ ಅಚ್ಚಾಗಿ
ಒಂಬತ್ತೋ ತೊಂಬತ್ತೋ ಅಂತ ಮಳೆಗಾಲವಿಡೀ ಜಗಳ.
ನನ್ನ ಮೂವತ್ತು ಕಾರ್ಡು, ಕಂಪಾಸು ಪೆಟ್ಟಿಗೆ,
ಮೇಲೆ ಒಂದು ವಾರದ ಲೆಕ್ಕ ಮಾಡಿಕೊಡ್ತೆ ಅಂದೆ.
ಒಪ್ಪಲಿಲ್ಲ ಅವ.

ಹಳೇ ಸೇತುವೆ ಕಾಳಿಗೆ ಬಿದ್ದ ವರ್ಷ
ಪುಣೆಯವನೊಬ್ಬ ಫೋನಿನಲ್ಲಿ ಕೇಳಿದ: ಇಪ್ಪತ್ತೆರಡು ಸಾವಿರ.
"ಇನ್ನೂ ಏರ್ತದೆ" ಅಂದ ರೋಹಿದಾಸ.
ಕಾರ್ಡು ಸೊಸೈಟಿ ಪಾಸ್‌ಬುಕ್ಕಿನ ಕವರಿನಲ್ಲಿ,
ಪಾಸ್‌ಬುಕ್ಕು ಅಕ್ಕಿ ಡಬ್ಬಿಯಲ್ಲಿ.
ದೋಣಿಗೆ ಎಂಜಿನ್ನು ಕೊಳ್ಳುವಾಗ ಮಾರ್ತೆ ಅನ್ನುತ್ತಿದ್ದ.
ಎಂಜಿನ್ನು ಬಂತು, ಅದೂ ಹಳೆಯದಾಯಿತು,
ತಿಮಿಂಗಿಲ ಅಕ್ಕಿಯಲ್ಲೇ ಈಜಿತು.
ಆಡಿದ್ದೇ ಇಲ್ಲ, ಒಂದು ಸಲವೂ,
ಮೂಲೆ ಮಡಚೀತು ಅಂತ.

ಮೂರನೇ ಪ್ಯಾಕೆಟ್ಟಿಗೇ ಕೂಗಿದಳು ರಿದ್ಧಿ, ಅವನ ತಂಗಿಯ ಮಗಳು.
ಸಂಜೆಯೊಳಗೆ ಕೋಡಿಬಾಗದಲ್ಲಿ ನಾಲ್ಕು ತಿಮಿಂಗಿಲ.
ಸೊನ್ನೆ ಈಗ ದುಂಡಗೆ, ಲಂಗರಿಗೆ ಬೆಳ್ಳಿ ಹೊಳಪು,
ಅಡಿಯಲ್ಲಿ ಇರುವೆಯಷ್ಟು ಅಕ್ಷರ: ಮರುಮುದ್ರಣ.

ಟ್ರಾಲಿಂಗ್ ಬಂದಿನ ತಿಂಗಳು; ರೋಹಿದಾಸನಿಗೆ ಬಿಡುವೋ ಬಿಡುವು.
ಅವ ಮೆಟ್ಟಿಲು ಹತ್ತುವಾಗ ನಾನು
ಝೆರಾಕ್ಸಿನ ಮುಚ್ಚಳ ತೆಗೆದು ಸುಮ್ಮನೆ ಒರೆಸಿದೆ,
ಸಾವಿನ ಮನೆಯಲ್ಲಿ ಏನು ಹೇಳಬೇಕು ತಿಳಿಯದವಳ ಹಾಗೆ.
ಹೊಸದನ್ನು ಕೈಗೆ ತಗೊಂಡ. ಬೆಳಕಿಗೆ ಹಿಡಿದ.
ಇಸವಾಣದ ಕಿವಿರೆತ್ತಿ ನೋಡುವವನಂತೆ
ಅಂಚು ಎತ್ತಿ, ಮೂಸಿ,
"ತಾಜಾ ಅದೆ" ಅಂದ.
ಹೋದ.

(ರಾತ್ರಿ ಲೆಕ್ಕಕ್ಕೆ ಒಂದು ಪ್ಯಾಕೆಟ್ಟು ಕಮ್ಮಿ.
ಒಡೆದವಳು ನಾನೇ.
ಏನು ಬಂತು ಅಂತ ಹೇಳುವುದಿಲ್ಲ.)

ಮರುದಿನ ಹಳೆಯದನ್ನು ತಂದ.
ಕವರಿನೊಳಗೆ ಒಂದು ಅಕ್ಕಿಕಾಳು ಇನ್ನೂ ಇತ್ತು.
ಅಂಗಡಿ ಬೆಂಚಿನ ಮೇಲೆ ರಿದ್ಧಿಯ ಎದುರು ಕೂತು,
ಇಸ್ಪೀಟಿನ ಎಕ್ಕ ಬಡಿದಂತೆ ಬಡಿದ ತಿಮಿಂಗಿಲವನ್ನು.

"ಮಾಮಾ, ಮೊದಲ ಸರದಿಗೆ ಅದನ್ನ ಬಿಡೂಕಾಗ. ಹೊಸ ನಿಯಮ."
"ನಮ್ಮ ಕಾಲಕ್ಕೆ..."
"ಪ್ಯಾಕೆಟ್ಟಿನ ಹಿಂದೆ ಬರ್ದದೆ, ಓದು."
ಕನ್ನಡಕ ತಂದಿರಲಿಲ್ಲ. ನಾನೇ ಓದಿ ಹೇಳಿದೆ.

ಎರಡಾಟ ಸೋತ.
ಬಲೆಯ ನೂಲು ಕೊಯ್ದ ಬೆರಳಿನಡಿ
ಕಾರ್ಡಿನ ಮೂಲೆ ಮಡಚಿತು.
ನಾನು ನೋಡಿದೆ, ಅವನೂ ನೋಡಿದ.
ಇಬ್ಬರೂ ಸುಮ್ಮನಿದ್ದೆವು.

ಮೂರನೆಯದರಲ್ಲಿ ತಿಮಿಂಗಿಲಕ್ಕೆ ದಾರಿ ಸಿಕ್ಕಿತು.
ರಿದ್ಧಿ ಬಗ್ಗಿ, ಅರ್ಧ ಸೊನ್ನೆಯ ಮೇಲೆ ಉಗುರಿಟ್ಟು,
"ಇದು ಒಂಬತ್ತೇ" ಅಂದಳು. "ತೊಂಬತ್ತು ನನ್ನದ್ರಲ್ಲಿ."

ಮಳೆಗಾಲವಿಡೀ ಜಗಳಾಡಿದವ
ಒಂದು ಗಳಿಗೆ ಕಾರ್ಡನ್ನೇ ನೋಡಿದ.
"ಒಂಬತ್ತೇ ಇರ್ಲಿ" ಅಂದ,
"ಸರದಿ ನಿಂದು, ಆಡು."