ಬೆಚ್ಚಗಾದ ಮೇಲೆ

ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಏಳುತ್ತದೆ.
ಬೀಡಿ ಹಚ್ಚಿ ಅರ್ಧ ಎಳೆಯುವಷ್ಟು ಹೊತ್ತು
ಎರಡು ಸೈಲೆನ್ಸರೂ ಒಟ್ಟಿಗೆ ಮಾತಾಡುತ್ತವೆ.
ಆಮೇಲೆ ಒಂದು ಏಟು ತಪ್ಪುತ್ತದೆ,
ಹಿಡಿಯುತ್ತದೆ, ಮತ್ತೆ ಎರಡು ತಪ್ಪಿ
ಗುತ್ತಲು ರಸ್ತೆಯ ಉಬ್ಬಿನ ಹತ್ತಿರ
ಢಬ್ಬೆಂದು ಹೊಗೆ ಉಗಿದು ನಿಲ್ಲುತ್ತದೆ.

ಇಂಜಿನ್ ಇಳಿಸಿ ಕಟ್ಟಿದವನು ನಾನು.
ಬೋರ್ ಹೊಡೆಸಿದ್ದು ಮೈಸೂರಲ್ಲಿ, ಮಂಡಿ ಮೊಹಲ್ಲಾದಲ್ಲಿ.
ಪಿಸ್ಟನ್ನು ಹೊಸದು, ರಿಂಗು ಹೊಸದು,
ಕ್ರ್ಯಾಂಕಿನ ಎರಡೂ ಕಡೆಯ ಸೀಲು ಹೊಸದು.
ಹೊಸದು ಹೊಸದು ಎಂದು ಬರೆದೇ
ಬಿಲ್ ಪುಸ್ತಕದ ಕಾರ್ಬನ್ ಸವೆದಿತ್ತು.

ಮಂಟೇಲಿಂಗು ಬ್ಯಾಂಡ್‌ಸೆಟ್ಟಿನವನು, ಸೈಡ್ ಡ್ರಮ್ಮು.
ಯೆಜ್ಡಿಯ ಸೀಟಿನ ಮೇಲೆ ಎರಡು ಬೆರಳಿಟ್ಟು
ಕಣ್ಣು ಮುಚ್ಚಿ ಕೇಳಿದ:
“ಇದು ಲೆಕ್ಕದಲ್ಲಿ ತಪ್ತಾ ಇಲ್ಲ ಕನಣ್ಣ.
ಲೆಕ್ಕದಲ್ಲಾಗಿದ್ರೆ ಆರಕ್ಕೊಂದು, ಎಂಟಕ್ಕೊಂದು ಅನ್ಬೋದಿತ್ತು.
ಕುಡ್ದೋನು ಡೋಲು ಹೊಡ್ದಂಗೆ ಅದೆ.”
ಸರಿ ಹೋಗಯ್ಯ ಅಂದೆ.
ಡ್ರಮ್ಮಿನವನ ಕಿವಿ ನಂಬಿ ಯಾರು ಇಂಜಿನ್ ಬಿಚ್ಚುತ್ತಾರೆ?

ಮೊದಲ ದಿನ ಕಾರ್ಬೊರೇಟರು.
ಜೆಟ್ಟಿಗೆ ಬಾಯಿಟ್ಟು ಊದಿದೆ, ನಾಲಿಗೆಯೆಲ್ಲ ಪೆಟ್ರೋಲು,
ಮನೆಯಲ್ಲಿ ಅನ್ನಕ್ಕೂ ಅದೇ ರುಚಿ.
ಪ್ಲಗ್ಗು ಬಿಚ್ಚಿದರೆ ತಿಳಿ ಕಾಫಿಯ ಬಣ್ಣ.
ಹೊಟ್ಟೆಯೊಳಗೆ ರೋಗವಿಲ್ಲ ಎಂದು ಅದು ಹೇಳಿತು.
ನಾನು ಅದನ್ನೂ ನಂಬಲಿಲ್ಲ.

ಎರಡನೆಯ ದಿನ ಟೈಮಿಂಗು.
ಪಾಯಿಂಟಿನ ನಡುವೆ ಸಿಗರೇಟು ಪ್ಯಾಕಿನ ತೆಳು ಹಾಳೆ ಸಿಕ್ಕಿಸಿ
ಉಸಿರು ಹಿಡಿದು ಚಕ್ರ ತಿರುಗಿಸಿದೆ.
ಹಾಳೆ ಜಾರುವ ಜಾಗ ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಮೂರನೆಯ ದಿನ ತೌಸೀಫ್ ಸೋಪಿನ ನೊರೆ ಮಾಡಿ ತಂದ.
ಜೋಡಣೆಯ ಗೆರೆಗೆಲ್ಲ ಬ್ರಷ್ಷಿನಲ್ಲಿ ಬಳಿದೆವು, ಮಗುವಿಗೆ ಮೀಯಿಸಿದ ಹಾಗೆ.
ಒಂದು ಗುಳ್ಳೆಯೂ ಏಳಲಿಲ್ಲ.
ಆಮೇಲೆ ಹಳೆಯದನ್ನೆಲ್ಲ ಬೈಯತೊಡಗಿದೆ,
ಹಳೇ ಕಾಯಿಲ್ಲು, ಹಳೇ ವೈರು,
ತುಕ್ಕು ಹಿಡಿದ ಕೀ ಸ್ವಿಚ್ಚು,
ಇದನ್ನು ಮಾರಿ ಹೋದ ಚನ್ನಪಟ್ಟಣದ ಯಾವನೋ.

ಏಳೂಕಾಲಿಗೆ ಕರೆಂಟು ಹೋಯಿತು.
ಮುಚ್ಚಳ ತೆಗೆದ ಇಂಜಿನ್ನು ಹಾಗೇ ಓಡುತ್ತಿತ್ತು.
ಸಕ್ಕರೆ ಕಾರ್ಖಾನೆ ಕಡೆಯಿಂದ ಮೊಲಾಸಿಸ್ ವಾಸನೆ.
ತೌಸೀಫ್ ಮೊಬೈಲಿನ ಟಾರ್ಚು ಹಾಕಲು ಹೋದ.
ತಡಿ, ಅಂದೆ.
ಪಾಯಿಂಟಿನ ಸಂದಿಯಲ್ಲಿ
ನೀಲಿಯೂ ಅಲ್ಲದ ಬಿಳಿಯೂ ಅಲ್ಲದ ಕಿಡಿ,
ಒಗ್ಗರಣೆಗೆ ಹಾಕಿದ ಸಾಸಿವೆಯಂತೆ ಸಿಡಿಯುತ್ತಿದೆ.
ಪ್ಲಗ್ಗಿಗೆ ಹೋಗಬೇಕಾದದ್ದು ದಾರಿಯಲ್ಲೇ ಸೋರುತ್ತಿದೆ.
ಟ್ಯೂಬ್‌ಲೈಟು ಮೂರು ದಿನ ನನಗಿದನ್ನು ಬಚ್ಚಿಟ್ಟಿತ್ತು.

ಕಂಡೆನ್ಸರು.
ನೂರ ಎಂಬತ್ತು ರೂಪಾಯಿ, ಹೊಳೆಯುವ ಡಬ್ಬಿಯಲ್ಲಿ ಬಂದದ್ದು.

ಹಳೆಯದು ಹಾರ್ಲಿಕ್ಸ್ ಬಾಟಲಿಯಲ್ಲಿ
ಸವೆದ ನಟ್ಟುಗಳ ಜೊತೆ ಬಿದ್ದಿತ್ತು.
ಪ್ಯಾಂಟಿಗೆ ಒರೆಸಿ, ಮೇಣದ ಬತ್ತಿಯಲ್ಲಿ ಸ್ಕ್ರೂ ಬಿಗಿದೆ.
ನಾಲೆಯ ಸೇತುವೆ ದಾಟಿ, ಕಬ್ಬಿನ ಗಾಡಿ ಎರಡು ಹಿಂದೆ ಹಾಕಿ
ಹೋಗಿ ಬಂದೆ. ಒಂದು ಏಟೂ ತಪ್ಪಲಿಲ್ಲ.

ಮಾರನೆ ದಿನ ಮಂಟೇಲಿಂಗು ಕೇಳಿದ:
“ಹಳೇದ್ನ ಯಾಕಣ್ಣ ತೆಗ್ದಿದ್ದೆ?”
“ಹಳೇದಾಗಿತ್ತು ಅಂತ.”
“ಕೆಟ್ಟಿತ್ತಾ?”
ನಾನು ಬಿಲ್ಲಿನಲ್ಲಿ ಒಂದು ಸಾಲು ಹೊಡೆದು ಹಾಕಿ
ನೂರ ಎಂಬತ್ತು ಕಳೆದೆ.
ಅವನು ನಗಲಿಲ್ಲ. ಮದುವೆಗೆ ಹೊತ್ತಾಗಿತ್ತು,
ಕೆಂಪು ಕೋಟಿನ ಗುಂಡಿ ಹಾಕುತ್ತಲೇ ಕಿಕ್ ಹೊಡೆದ.

ಹೊಸ ಕಂಡೆನ್ಸರು ಇನ್ನೂ ಶೆಲ್ಫಿನ ಮೇಲಿದೆ.
ಮೀಟರು ಹಿಡಿದರೆ ಎಲ್ಲ ಸರಿಯೆಂದೇ ತೋರಿಸುತ್ತದೆ.
ತಣ್ಣಗಿರುವಾಗ ಅದರಲ್ಲಿ ಯಾವ ದೋಷವೂ ಇಲ್ಲ.