ಎಂಬತ್ತೆಂಟು

ಎಲ್ ಆಲ್ತೊದಲ್ಲಿ ಸಮುದ್ರವಿಲ್ಲ.
ಯಂತ್ರ ಮಾತ್ರ ಸಮುದ್ರಮಟ್ಟದ್ದು.
ಯಾವುದೋ ಬಂದರಿನ ಊರಿಂದ ದಾನವಾಗಿ ಹೊರಟು
ನಾಲ್ಕು ಸಾವಿರ ಮೀಟರು ಲಾರಿಯಲ್ಲಿ ಹತ್ತಿ
ಮೂರನೆಯ ಹಾಸಿಗೆಯ ತಲೆದೆಸೆಗೆ ನಿಂತಿದೆ.
ಆಮ್ಲಜನಕ ತೊಂಬತ್ತರ ಕೆಳಗೆ ಒಂದಂಕಿ ಜಾರಿದರೂ
ಬಾಯಿ ಬಡಿದುಕೊಳ್ಳುತ್ತದೆ.

ಇಲ್ಲಿ ತೊಂಬತ್ತು ಯಾರಿಗಿದೆ?
ನರ್ಸ್ ಎಲಿಯೊಡೊರಾ ತಿಕೊನಾ ಕ್ಲಿಪ್ಪನ್ನು
ತನ್ನ ಬೆರಳಿಗೇ ಸಿಕ್ಕಿಸಿ ತೋರಿಸುತ್ತಾಳೆ:
ನೋಡಿ ಡಾಕ್ಟರೇ, ಎಂಬತ್ತೆಂಟು.
ಇದೇ ಕೈಯಲ್ಲಿ ಬೆಳಿಗ್ಗೆ ಎರಡು ಬಕೆಟ್ಟು ನೀರು ಹೊತ್ತಿದ್ದೇನೆ,
ನಾದಿನಿಯ ಜೊತೆ ಜಗಳ ಮುಗಿಸಿದ್ದೇನೆ,
ಬಸ್ಸಿನ ಹಿಂದೆ ಓಡಿದ್ದೇನೆ.

ಡಾಕ್ಟರು ಸಾಂತಾ ಕ್ರೂಸಿನ ಹುಡುಗ, ತಗ್ಗಿನವನು,
ಬಂದು ಒಂಬತ್ತು ದಿನ.
ಮೆಟ್ಟಿಲು ಹತ್ತಿದರೆ ಒಂದು ವಾಕ್ಯಕ್ಕೆ ಎರಡು ಸಲ ನಿಲ್ಲುತ್ತಾನೆ.
ಅವನ ಪುಸ್ತಕದಲ್ಲಿ ಇಂಗಾಲದ ಡೈಆಕ್ಸೈಡು ನಲವತ್ತು.
ಈ ಎತ್ತರದ ರಕ್ತದಲ್ಲಿ ಇಪ್ಪತ್ತೊಂಬತ್ತು, ಹೆಚ್ಚೆಂದರೆ ಮೂವತ್ತು.
ನಲವತ್ತಕ್ಕೆ ತರೋಣವೇ, ಎನ್ನುತ್ತಾನೆ.
ತಂದರೆ ಇವನು ಯಾವ ಊರಿನವನಾಗುತ್ತಾನೆ,
ಎನ್ನುತ್ತಾಳೆ ಅವಳು.

ಇವನೆಂದರೆ ಸೆವೆರೊ ಪೊಮಾ.
ಮಿನಿಬಸ್ಸಿನ ಬಾಗಿಲಿಗೆ ಜೋತುಬಿದ್ದು
ಸೇಹಾ, ಸೇಹಾ, ರಿಯೊ ಸೆಕೊ, ಒಬ್ಬರಿಗೆ ಜಾಗ ಇದೆ!
ಎಂದು ಇಪ್ಪತ್ತಾರು ವರ್ಷ ಕೂಗಿದ ಗಂಟಲು.
ಈಗ ಅದರೊಳಗೆ ಏಳೂವರೆ ಅಳತೆಯ ಕೊಳವೆ,
ತುಟಿಯ ಬಳಿ ಇಪ್ಪತ್ತೆರಡರ ಗುರುತು,
ಮೀಸೆಯ ಮೇಲೆ ಬಿಳಿ ಪಟ್ಟಿ.

ಪರದೆಯಲ್ಲಿ ಎರಡು ಗೆರೆ.
ಮೇಲಿನದು ಬೆರಳ ತುದಿಯ ಸುದ್ದಿ.
ಕೆಳಗಿನದು ಹೊರಗೆ ಬಿಟ್ಟ ಉಸಿರಿನದು:
ಕಡಿದಾಗಿ ಏರಿ, ಬಯಲಿನಂತೆ ನಡೆದು, ದೊಪ್ಪನೆ ಬೀಳುತ್ತದೆ.
ಲಾ ಪಾಸಿನಿಂದ ಹತ್ತಿ ಬಂದು, ಬಯಲು ದಾಟಿ,
ಇನ್ನೊಂದು ಅಂಚಿನಲ್ಲಿ ಇಳಿದವರ ಕಾಲಿಗೆಲ್ಲ
ಈ ನಕ್ಷೆ ಗೊತ್ತು.

ನನ್ನ ಭಾಷೆಯಲ್ಲಿ ಸತ್ತವರು ಕೊನೆಯುಸಿರೆಳೆಯುತ್ತಾರೆ.
ಎಳೆದದ್ದು ಕೊನೆಯದು ಹೇಗಾದೀತು?
ಆಮೇಲೂ ಒಂದು ಬಿಡುವುದಿರುತ್ತದಲ್ಲ.
ಕೆಳಗಿನ ಗೆರೆ ಕಾಯುವುದು ಅದನ್ನು.

ರಾತ್ರಿ ಎರಡೂ ನಲವತ್ತು.
ಆಮ್ಲಜನಕದ ಅಲಾರಮನ್ನು ಎಂಬತ್ತೆರಡಕ್ಕೆ ಇಳಿಸಿ
ಪುಸ್ತಕದಲ್ಲಿ ಸಹಿ ಹಾಕಿದ್ದಾಳೆ.
ಒತ್ತಡದ ಅಲಾರಂ ಕೆಟ್ಟು ಎರಡು ವಾರ;
ಅದರ ಬಿಡಿಭಾಗ ಅರಿಕಾದ ಕಸ್ಟಮ್ಸಿನಲ್ಲಿ ಕೂತಿದೆ.
ಇಬ್ಬರೂ ಸೇರಿ ಸೆವೆರೊನನ್ನು ಮಗ್ಗುಲು ಹೊರಳಿಸಿ
ಒದ್ದೆ ಚಾದರ ಎಳೆಯುತ್ತಿದ್ದಾರೆ.
ಕೆಳಗಿನ ಗೆರೆ ಏರಲಿಲ್ಲ.

ಎಂಬತ್ತೆಂಟಿದೆಯಲ್ಲ, ಎಂದ ಹುಡುಗ.
ಅದು ಹಳೆಯ ಸುದ್ದಿ, ಎಂದಳು,
ಆಗಲೇ ದಿಂಬಿನಡಿ ಕೈ ಹಾಕಿದ್ದಳು.
ಕಳಚಿಕೊಂಡ ಕೊಳವೆ ಅಲ್ಲಿ
ಯಾರಿಗೂ ಅಲ್ಲದ ಗಾಳಿಯನ್ನು ಬುಸುಗುಡುತ್ತಿತ್ತು.
ಬೆರಳು ಇನ್ನೂ ಎಂಬತ್ತೆಂಟೇ ಎನ್ನುತ್ತಿತ್ತು,
ಸಾವಿನ ಮನೆಗೆ ಬಂದು ಕ್ಷೇಮವೇ ಎಂದು ಕೇಳುವವರ ಹಾಗೆ.

ಚೀಲ ಸಿಕ್ಕಿಸಿ ಒತ್ತಿದಳು. ಬಿಟ್ಟಳು. ಒತ್ತಿದಳು.
ಗೆರೆ ಎದ್ದಿತು: ಮೂವತ್ತೇಳು.
ಕೂಡಿಟ್ಟದ್ದನ್ನೆಲ್ಲ ಒಮ್ಮೆಗೇ ತಂದಿಟ್ಟಂತೆ.
ಮೂವತ್ತನಾಲ್ಕು. ಮೂವತ್ತೆರಡು.
ಎಲ್ಲ ಸರಿಹೋದ ಮೇಲೆ ಬೆರಳಿನ ಅಂಕಿ ಕುಸಿದು
ಎಪ್ಪತ್ತೊಂಬತ್ತು ಎಂದು ಅಲಾರಂ ಅರಚಿತು,
ಬೆಂಕಿ ಆರಿದ ಮನೆಗೆ ಬಾವಿ ತೋಡಲು ಬಂದವನ ಉತ್ಸಾಹದಲ್ಲಿ.

ಮುಂಜಾನೆ ಮಣಿಕಟ್ಟಿನಿಂದ ರಕ್ತ ತೆಗೆದು
ಮಂಜುಗಡ್ಡೆಯ ಲೋಟದಲ್ಲಿಟ್ಟು
ಹುಡುಗನೇ ಕೆಳಗಿನ ಲ್ಯಾಬಿಗೆ ಒಯ್ದ.
ಚೀಟಿ ಹಿಡಿದು ಹತ್ತಿ ಬಂದ: ಇಪ್ಪತ್ತೊಂಬತ್ತು.
ಪಕ್ಕದಲ್ಲಿ 'ಕಡಿಮೆ' ಎಂದು ಅಚ್ಚಾಗಿದ್ದುದನ್ನು
ಪೆನ್ನಿನಿಂದ ಹೊಡೆದುಹಾಕಿದ.
ಆಮೇಲೆ ಯಾರೂ ನೋಡುತ್ತಿಲ್ಲವೆಂದುಕೊಂಡು
ತನ್ನ ಬೆರಳಿಗೆ ಕ್ಲಿಪ್ಪು ಹಾಕಿ ನೋಡಿದ.

ಎಂಬತ್ತೊಂದು.

ಎಲಿಯೊಡೊರಾ ಸ್ಟೂಲನ್ನು ಕಾಲಿನಿಂದ ಅವನತ್ತ ದೂಡಿದಳು.
ಒಬ್ಬರಿಗೆ ಜಾಗ ಇದೆ, ಎಂದಳು.